ಎಕ್ಸ್‌ಟ್ರಾ ಪೈಲಟ್ ದೇವಯ್ಯ



ಈ ಸಲ ನಮ್ಮ ಶಾಲೆಯ ಕಬಡ್ಡಿ ತಂಡ ತಾಲ್ಲೂಕು ಮಟ್ಟಕ್ಕೆ ಹೋದಾಗ ನಾನು ಎಕ್ಸ್‌ಟ್ರಾ ಆಟಗಾರ. ಇಡೀ ದಿನ ಗೆರೆಯ ಹೊರಗೆ ಕೂತು ಎಲ್ಲರ ಚಪ್ಪಲಿ ಕಾದೆ. ಮನೆಗೆ ಬಂದು ಮುಖ ಊದಿಸಿಕೊಂಡಿದ್ದೆ. ಸೈನ್ಯದಿಂದ ನಿವೃತ್ತರಾದ ನಮ್ಮ ದೊಡ್ಡಪ್ಪ ನೋಡಿ, "ಲೋ, ಎಕ್ಸ್‌ಟ್ರಾ ಅಂದ್ರೆ ಕಡಿಮೆ ಅಂತ ಯಾರು ಹೇಳಿದ್ದು? ಕೊಡಗಿನ ದೇವಯ್ಯನವರ ಕಥೆ ಕೇಳು" ಅಂದರು. ಕೇಳಿದೆ. ಆಮೇಲೆ ಓದಿಯೂ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಸ್ಕ್ವಾಡ್ರನ್ ಅಂದರೆ ಏನು?

ಶಾಲೆಯಲ್ಲಿ ತರಗತಿಗಳಿರುವ ಹಾಗೆ ವಾಯುಪಡೆಯಲ್ಲಿ ಸ್ಕ್ವಾಡ್ರನ್‌ಗಳಿವೆ. ಒಂದೊಂದರಲ್ಲಿ ಸಾಮಾನ್ಯವಾಗಿ 16ರಿಂದ 18 ಯುದ್ಧವಿಮಾನಗಳು, ಅವುಗಳ ಪೈಲಟ್‌ಗಳು ಮತ್ತು ರಿಪೇರಿ ಮಾಡುವ ಸಿಬ್ಬಂದಿ ಇರುತ್ತಾರೆ. ಭಾರತದ 1ನೇ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಹುಟ್ಟಿತು. ಆಗ ಇದ್ದದ್ದು ನಾಲ್ಕೇ ವಿಮಾನ! ಇದರ ಹೆಸರು 'ಟೈಗರ್ಸ್', ಅಂದರೆ ಹುಲಿಗಳು. 1965ರ ಭಾರತ-ಪಾಕ್ ಯುದ್ಧದಲ್ಲಿ ಈ ಹುಲಿಗಳು ಪಂಜಾಬಿನ ಆದಂಪುರದಲ್ಲಿದ್ದರು. ಅವರ ಬಳಿ ಇದ್ದದ್ದು ಫ್ರಾನ್ಸ್ ದೇಶದ ಮಿಸ್ಟಿಯರ್ ವಿಮಾನಗಳು.

ಸೆಪ್ಟೆಂಬರ್ 7ರ ನಸುಕು

ಸುಮಾರು 300 ಕಿಲೋಮೀಟರ್ ದೂರದ ಸರ್ಗೋಧಾ ಪಾಕಿಸ್ತಾನದ ದೊಡ್ಡ ವಾಯುನೆಲೆ. ಅದರ ಮೇಲೆ ದಾಳಿ ಮಾಡಲು 12 ಮಿಸ್ಟಿಯರ್‌ಗಳು ಹೊರಡಬೇಕಿತ್ತು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸರದಿ. ಒಂದು ವಿಮಾನ ಹಿಂದೆ ಉಳಿಯಿತು. ದೇವಯ್ಯನವರು ಹಾರಿದರು. ಆಗ ಅವರಿಗೆ 32 ವರ್ಷ.

ರೇಡಾರ್ ಕಣ್ಣಿಗೆ ಬೀಳಬಾರದೆಂದು ಪೈಲಟ್‌ಗಳು ನೆಲಕ್ಕೆ ತೀರಾ ಹತ್ತಿರ ಹಾರುತ್ತಾರೆ. ಹಾಗೆ ಹಾರಿದರೆ ಇಂಧನ ಬೇಗ ಮುಗಿಯುತ್ತದೆ. ಹೋಗಿ ಬರಲಷ್ಟೇ ಸಾಕು, ಕಾದಾಡಲು ಮಿಗುವುದಿಲ್ಲ.

ಎತ್ತಿಗೂ ಕುದುರೆಗೂ ಓಟವೇ?

ಆಗ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಬೆನ್ನು ಹತ್ತಿತು. ಅದರ ಪೈಲಟ್ ಅಮ್ಜದ್ ಹುಸೇನ್. ಅಮೆರಿಕದ ಆ ವಿಮಾನ ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲದು. ಮಿಸ್ಟಿಯರ್ ಮಟ್ಟಸ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟದು. ಓಡಿ ತಪ್ಪಿಸಿಕೊಳ್ಳುವ ಹಾಗಿಲ್ಲ. ತಿರುಗಿ ನಿಂತರೆ ಮನೆ ಮುಟ್ಟುವಷ್ಟು ಇಂಧನ ಉಳಿಯದು. ವಿಮಾನಕ್ಕೆ ಗುಂಡೇಟು ಬೇರೆ ಬಿದ್ದಿತ್ತು. ಆದರೂ ದೇವಯ್ಯನವರು ತಿರುಗಿ ನಿಂತರು.

ನಿಧಾನದ ವಿಮಾನ ಹೇಗೆ ಗೆದ್ದೀತು ಅಂತ ನಾನೂ ಕೇಳಿದೆ. ಸೈಕಲ್ಲನ್ನು ಜೋರಾಗಿ ಹೊಡೆಯುವವನು ಸಂದಿಯಲ್ಲಿ ಥಟ್ಟನೆ ತಿರುಗಲಾರ, ನಿಧಾನ ಹೋಗುವವನು ತಿರುಗಬಲ್ಲ, ಅಲ್ವಾ? ಇಲ್ಲೂ ಹಾಗೇ. ಸ್ಟಾರ್‌ಫೈಟರ್ ವೇಗ ಇಳಿಸಿ ತಿರುಗುವ ಕಾದಾಟಕ್ಕೆ ಬಂದಿತು. ಅಲ್ಲಿಗೆ ಅದರ ದೊಡ್ಡ ಬಲವೇ ಹೋಯಿತು. ದೇವಯ್ಯನವರ ಗುಂಡುಗಳು ಅದಕ್ಕೆ ತಾಗಿದವು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಿಂದ ಇಳಿದು ಬದುಕಿದರು. ದೇವಯ್ಯನವರು ಮರಳಿ ಬರಲಿಲ್ಲ.

23 ವರ್ಷದ ಮೌನ

ಈ ಕಾದಾಟವನ್ನು ನಮ್ಮವರು ಯಾರೂ ನೋಡಿರಲಿಲ್ಲ. ಹಾಗಾಗಿ ಅವರು 'ಕಾಣೆಯಾದವರು' ಅಷ್ಟೇ. ಮನೆಯವರಿಗೂ ಏನಾಯಿತೆಂದು ತಿಳಿಯದು. ಅತ್ತ ಪಾಕಿಸ್ತಾನದ ಹಳ್ಳಿಯವರು ಅವರ ದೇಹವನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡಿದ್ದರಂತೆ.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧದ ಪುಸ್ತಕ ಬರೆದರು. ಸ್ಟಾರ್‌ಫೈಟರನ್ನು ಕೆಡವಿದ್ದು ಒಂದು ಮಿಸ್ಟಿಯರ್ ಎಂಬ ಸಂಗತಿ ಅದರಿಂದ ತಿಳಿಯಿತು. ಅಂದು ಹುಲಿಗಳ ಮುಖ್ಯಸ್ಥರಾಗಿದ್ದ ತನೇಜಾ ಅವರು, ಅದು ದೇವಯ್ಯನವರೇ ಎಂದು ಮೇಲಿನವರಿಗೆ ಪತ್ರ ಬರೆದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಯುದ್ಧಕಾಲದ ಶೌರ್ಯಕ್ಕೆ ಪರಮವೀರ ಚಕ್ರದ ನಂತರ ಇದೇ ದೊಡ್ಡದು. ಅವರ ಪತ್ನಿ ಅದನ್ನು ಸ್ವೀಕರಿಸಿದರು.

ಗೆಳೆಯರೇ, ಅವರ ಶೌರ್ಯಕ್ಕೆ ಸಾಕ್ಷಿ ಹೇಳಿದ್ದು ಎದುರಾಳಿಯ ಕಡೆಯವರು! ಯಾರೂ ನೋಡದಿದ್ದಾಗಲೂ ಅವರು ಮಾಡಬೇಕಾದ್ದನ್ನು ಮಾಡಿದರು. ಮುಂದಿನ ವರ್ಷವೂ ನಾನು ಎಕ್ಸ್‌ಟ್ರಾ ಆಗಬಹುದು. ಆದರೆ ಮುಖ ಊದಿಸುವುದಿಲ್ಲ, ಸೊಂಟ ಕಟ್ಟಿ ರೆಡಿಯಾಗಿ ಕೂರುತ್ತೇನೆ.

ಜೈ ಹಿಂದ್.

– 9ನೇ ತರಗತಿಯ ವಿದ್ಯಾರ್ಥಿ