ಏಕಾದಶಿಯ ಹಾಲು ಕುಡಿದವರಾರು?

ಜಮೀನ್ದಾರ ರಾಮಚಂದ್ರ ಮಂಗರಾಜ ಮಹಾ ದೈವಭಕ್ತ. ಒಂದು ಏಕಾದಶಿಯನ್ನೂ ತಪ್ಪಿಸಿದವನಲ್ಲ. ಉಪವಾಸದ ರಾತ್ರಿ ಅವನ ಕೋಣೆಯಲ್ಲಿ ಹಾಲು, ಬಾಳೆಹಣ್ಣು ಇಟ್ಟಿರುತ್ತಾರೆ. ಬೆಳಗಾದರೆ ಪಾತ್ರೆ ಬರಿದು. ಕಥೆ ಹೇಳುವವನು ತಕ್ಷಣ ಧಣಿಯ ಪರ ವಕಾಲತ್ತಿಗೆ ನಿಲ್ಲುತ್ತಾನೆ: ಕುಡಿದದ್ದನ್ನು ಕಂಡವರುಂಟೇ? ಹಾಲು ಆವಿಯಾಗಬಾರದೇ? ಮನೆಯಲ್ಲಿ ಇಲಿಗಳಿಲ್ಲವೇ? ವಾದ ಬಲವಾದಷ್ಟೂ ಮಂಗರಾಜನ ಬಂಡವಾಳ ಬಯಲಾಗುತ್ತದೆ.

ಒಡಿಯಾದ ಫಕೀರಮೋಹನ ಸೇನಾಪತಿ (1843–1918) ಹಾಕುವ ಪಟ್ಟು ಇದು. ಬೈಗುಳವಿಲ್ಲ, ಹೊಗಳಿಕೆಯಲ್ಲೇ ಕೊಲ್ಲುತ್ತಾರೆ. ಮಂಗರಾಜನ ಕಥೆಯಾದ ‘ಛ ಮಾಣ ಆಠ ಗುಂಠ’ ಕಾದಂಬರಿ 1897ರಿಂದ ‘ಉತ್ಕಲ ಸಾಹಿತ್ಯ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಲೇಖಕರ ಹೆಸರು ‘ಧೂರ್ಜಟಿ’ ಎಂದಿತ್ತು. ಊರ ಕೆರೆಯ ವರ್ಣನೆಯಲ್ಲೂ ಕುಟುಕು ತಪ್ಪುವುದಿಲ್ಲ. ಕೊಕ್ಕರೆಗಳು ದಿನವಿಡೀ ಕೆಸರು ಕೆದಕಿ ಪುಡಿಮೀನಿಗೆ ಹೆಣಗುತ್ತವೆ. ಎಲ್ಲಿಂದಲೋ ಬಂದ ಇನ್ನೊಂದು ಜಾತಿಯ ಹಕ್ಕಿ ನಾಲ್ಕು ಮುಳುಗು ಹಾಕಿ, ಹೊಟ್ಟೆ ತುಂಬಿಸಿಕೊಂಡು ಹಾರಿಹೋಗುತ್ತದೆ. ಇವರಲ್ಲಿ ಇಂಗ್ಲಿಷರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ನೇಕಾರ ದಂಪತಿ ಭಗಿಯಾ, ಸಾರಿಯಾರ ತುಂಡು ಹೊಲ ಮಂಗರಾಜನ ಪಾಲಾಗುವಲ್ಲಿ ಮಾತ್ರ ಓದುಗನ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಬಾಲಾಸೋರ್ ಬಳಿಯ ಮಲ್ಲಿಕಾಶಪುರದಲ್ಲಿ ಹುಟ್ಟಿದಾಗ ಸೇನಾಪತಿಯವರಿಗೆ ಇಟ್ಟ ಹೆಸರು ಬ್ರಜಮೋಹನ. ಎಳವೆಯಲ್ಲೇ ತಂದೆತಾಯಿ ತೀರಿಕೊಂಡರು. ಕಾಯಿಲೆ ಬಿದ್ದ ಮೊಮ್ಮಗ ಬದುಕಿದರೆ ಫಕೀರನನ್ನಾಗಿ ಮಾಡುತ್ತೇನೆಂದು ಅಜ್ಜಿ ಪೀರರಿಗೆ ಹರಕೆ ಹೊತ್ತಳು. ಹುಡುಗ ಉಳಿದ, ಫಕೀರಮೋಹನನಾದ. ಮೊಹರಂ ಬಂದರೆ ಫಕೀರನ ವೇಷ ತೊಟ್ಟು ಭಿಕ್ಷೆಗೆ ಹೋಗಬೇಕಿತ್ತು. ಶಾಲೆ ಕಲಿತದ್ದು ಅಷ್ಟಕ್ಕಷ್ಟೇ. ಮುಂದೆ ಮೇಷ್ಟರಾದರು, ಮುದ್ರಣಾಲಯ ಕಟ್ಟಿದರು, ಒಡಿಯಾ ಸ್ವತಂತ್ರ ಭಾಷೆಯೇ ಅಲ್ಲ ಎಂದವರ ವಿರುದ್ಧ ನಿಂತರು. ಹೊಟ್ಟೆಪಾಡಿಗೆ ಸಣ್ಣಪುಟ್ಟ ಸಂಸ್ಥಾನಗಳಲ್ಲಿ ಅಧಿಕಾರಿಯಾಗಿದ್ದರು. ಕಾಗದಪತ್ರದಿಂದಲೇ ಹೊಲ ನುಂಗುವ ಕಲೆಯನ್ನು ಅಷ್ಟು ವಿವರವಾಗಿ ಬರೆಯಲು ಆ ಅನುಭವವೇ ಬೇಕಿತ್ತೇನೋ.

ಕೇಂಜರ್ ಸಂಸ್ಥಾನದಲ್ಲಿದ್ದಾಗ, 1891ರಲ್ಲಿ, ಬಿಟ್ಟಿ ದುಡಿಮೆಯಿಂದ ಬೇಸತ್ತ ಭುಯಾಂ ಬುಡಕಟ್ಟಿನ ಜನ ಧರಣೀಧರನ ನೇತೃತ್ವದಲ್ಲಿ ದಂಗೆಯೆದ್ದು ಇವರನ್ನು ಸೆರೆಹಿಡಿದರು. ಸೆರೆಯಿಂದಲೇ ಇವರು ಒಂದು ಚೀಟಿ ಬರೆದರು: ವೀಳ್ಯದೆಲೆ, ಅಡಿಕೆ ಬೇಕು, ಕಬ್ಬಿನ ತೋಟಕ್ಕೆ ನೀರು ಹಾಯಿಸಿ. ದಂಗೆಕೋರರಿಗೆ ಅದರಲ್ಲಿ ಎಲೆ ಅಡಿಕೆಯಷ್ಟೇ ಕಂಡಿತು. ಪಡೆ ಕಳುಹಿಸಿ ಎಂಬುದು ಒಳಮಾತು. ಆತ್ಮಚರಿತ್ರೆಯಲ್ಲಿ ಈ ಪ್ರಸಂಗ ಓದುತ್ತಾ ನಗು ಬರುತ್ತದೆ, ನಿಜ. ಆದರೆ ಭಗಿಯಾನ ಹೊಲಕ್ಕಾಗಿ ಅತ್ತ ಲೇಖನಿ ಇಲ್ಲಿ ರಾಜನ ಪಕ್ಷದಲ್ಲಿತ್ತು.