ಹೆಸರು ಮತ್ತು ಹಕ್ಕು: ನಮ್ಮ ಸೀಮೆಯ ಸ್ತ್ರೀಯರ ಮತಾಧಿಕಾರ

ಚುನಾವಣೆಯ ದಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಗ್ರಾಮಗಳಲ್ಲಿ ಹೆಂಗಸರು ಸಾಲುಗಟ್ಟಿ ನಿಂತು ಮತವೀಯುವುದು ಇಂದು ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಅವರ ಅಜ್ಜಿ ಮುತ್ತಜ್ಜಿಯರ ಕಾಲಕ್ಕೆ ಇದು ಊಹೆಗೂ ನಿಲುಕದ ಮಾತಾಗಿದ್ದಿತು. ಈ ಹಕ್ಕು ನಮ್ಮ ಗೃಹಗಳಿಗೆ ಯಾವ ದಾರಿಯಿಂದ ಬಂದಿತು, ಬಂದ ಮೇಲೂ ಬಹುಕಾಲ ಹೊಸಿಲಲ್ಲೇ ಏಕೆ ನಿಂತಿತು ಎಂಬುದನ್ನು ವಾಚಕರ ಮುಂದೆ ಸಂಗ್ರಹವಾಗಿ ಇಡಲೆಳಸುವೆವು.

ಈ ಸೀಮೆಯೆಲ್ಲ ಹಿಂದಿನ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದುದು. ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದುದು 2007ರಲ್ಲಿ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಮೊದಲು ಅದಕ್ಕೆ ಜಮೀನುದಾರರನ್ನೂ ವರ್ತಕರನ್ನೂ ಸರಕಾರದವರೇ ಆರಿಸಿ ಕರೆಯುತ್ತಿದ್ದರು. ಸುಮಾರು ಹತ್ತು ವರ್ಷಗಳ ಮೇಲೆ, ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ, ಚುನಾವಣೆಯ ಪದ್ಧತಿ ಬಂದಿತು. ಆದರೆ ಕಂದಾಯ ಕಟ್ಟುವ ಗಂಡಸರಲ್ಲಿಯೇ ಕೆಲವರಿಗೆ ಮಾತ್ರ ಮತವಿದ್ದಿತು. ‘ಪ್ರಜೆ’ ಎಂಬ ಸಂಸ್ಕೃತ ಶಬ್ದವು ಸ್ತ್ರೀಲಿಂಗದ್ದು. ಪ್ರಜಾಪ್ರತಿನಿಧಿ ಸಭೆಯ ಪ್ರಜೆಗಳಲ್ಲಿ ಮಾತ್ರ ಸ್ತ್ರೀಯರಿರಲಿಲ್ಲ.

ಹೊರ ಪ್ರಪಂಚದಲ್ಲಿ ನ್ಯೂಜಿಲೆಂಡ್ ದೇಶವು 1893ರಲ್ಲಿಯೇ ಸ್ತ್ರೀಯರಿಗೆ ಮತವಿತ್ತಿತ್ತು. ಇಂಗ್ಲೆಂಡಿನಲ್ಲಿ ಅದು 1918ರಲ್ಲಿ, ಅದೂ ಮೂವತ್ತು ವರ್ಷ ತುಂಬಿದ ಕೆಲವರಿಗೆ ಮಾತ್ರ ದೊರೆಯಿತು. ಭಾರತದಲ್ಲಿ ಈ ಬೇಡಿಕೆಯನ್ನು ಸರಕಾರದ ಮುಂದಿಟ್ಟವರಲ್ಲಿ ಪ್ರಮುಖರು ಸರೋಜಿನಿ ನಾಯುಡು ಮತ್ತು ಐರ್ಲೆಂಡಿನಿಂದ ಬಂದಿದ್ದ ಮಾರ್ಗರೆಟ್ ಕಸಿನ್ಸ್. 1917ರ ಡಿಸೆಂಬರಿನಲ್ಲಿ ಸ್ತ್ರೀಯರ ನಿಯೋಗವೊಂದು ಮದರಾಸಿನಲ್ಲಿ ಮಂತ್ರಿ ಮಾಂಟೆಗು ಅವರನ್ನು ಕಂಡು, ಸ್ತ್ರೀಯರಿಗೂ ಮತವಿರಬೇಕೆಂದು ಕೇಳಿಕೊಂಡಿತು. ಈ ಕಸಿನ್ಸ್ ದಂಪತಿಗಳು ಕೆಲವು ವರ್ಷ ವಾಸವಾಗಿದ್ದುದು ಮದನಪಲ್ಲಿಯಲ್ಲಿ. ನಮ್ಮ ಚಿಂತಾಮಣಿಯ ಜನರು ಸಂತೆಗೂ ನೆಂಟಸ್ತಿಕೆಗೂ ಹೋಗಿಬರುವ ಊರದು! 1921ರಲ್ಲಿ ಮದರಾಸು ಶಾಸನಸಭೆಯು ಸ್ತ್ರೀಯರಿಗೆ ಮತಾಧಿಕಾರವನ್ನು ಅಂಗೀಕರಿಸಿತು. ಹಿಂದೂಪುರವೂ ಮದನಪಲ್ಲಿಯೂ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದುವು. ಆದುದರಿಂದ ಗಡಿಯ ಆಚೆಗೆ ಕೊಟ್ಟ ಹೆಣ್ಣುಮಗಳಿಗೆ ಅರ್ಹತೆಯಿದ್ದರೆ ಮತವುಂಟು, ಈಚೆಯ ತೌರಿನಲ್ಲಿರುವ ಅವಳ ತಾಯಿಗೆ ಇಲ್ಲ ಎಂಬ ಸ್ಥಿತಿಯೊದಗಿತು.

ಮೈಸೂರು ಬಹುಕಾಲ ಹಿಂದುಳಿಯಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ, ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಅಧ್ಯಕ್ಷತೆಯಲ್ಲಿ ರಾಜ್ಯಾಂಗ ಸುಧಾರಣೆಗಾಗಿ ಸಮಿತಿಯೊಂದು ಕುಳಿತಿತು. ಅನಂತರ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆತು, ಹೆಣ್ಣಾದ ಮಾತ್ರಕ್ಕೆ ಮತವಿಲ್ಲವೆಂಬ ನಿರ್ಬಂಧವು ತೊಲಗಿತು. ಇದು ಸಣ್ಣ ಸಂಗತಿಯಲ್ಲ. ಸ್ವಿಟ್ಜರ್ಲೆಂಡಿನ ಸ್ತ್ರೀಯರು ತಮ್ಮ ರಾಷ್ಟ್ರದ ಚುನಾವಣೆಗಳಲ್ಲಿ ಮತವೀಯಲು 1971ರವರೆಗೆ ಕಾಯಬೇಕಾಯಿತು.

ಹೀಗೆ ಬಾಗಿಲೇನೋ ತೆರೆಯಿತು. ಒಳಗೆ ಹೋಗುವವರು ಯಾರು? ಮತವು ಆಸ್ತಿಯನ್ನೂ ಕಂದಾಯವನ್ನೂ ಅವಲಂಬಿಸಿದ್ದಿತು. ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಕೈ ಹೆಂಗಸಿನದು, ಗೂಡಿನಿಂದ ನೂಲು ತೆಗೆಯುವ ಕೈಯೂ ಬಹುಮಟ್ಟಿಗೆ ಅವಳದೇ. ಚಿಂತಾಮಣಿಯ ಹೊಲದಲ್ಲಿ ಕಳೆ ಕೀಳುವವಳೂ ಅವಳು. ಆದರೆ ಖಾತೆಯಲ್ಲಿ ಹೆಸರು ತಂದೆಯದು, ಗಂಡನದು, ಕಡೆಗೆ ಮಗನದು. ಖಾತೆಯಲ್ಲಿ ಹೆಸರಿಲ್ಲದವಳ ಹೆಸರು ಮತದಾರರ ಪಟ್ಟಿಗೆ ಬರುವುದೆಂತು?

ಇದೆಲ್ಲ ನಮ್ಮ ಧರ್ಮಶಾಸ್ತ್ರದ ಫಲವೆಂದು ಹೇಳುವವರುಂಟು. ಅವರು ಮಿತಾಕ್ಷರವನ್ನು ಒಮ್ಮೆ ನೋಡಬೇಕೆಂದು ನಮ್ಮ ಬಿನ್ನಹ. ಕನ್ನಡನಾಡಿನ ಕಲ್ಯಾಣದಲ್ಲಿ ಚಾಳುಕ್ಯರ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯನು ಸ್ತ್ರೀಧನದ ಎಣಿಕೆಯ ಕೊನೆಯಲ್ಲಿಟ್ಟಿರುವ ‘ಆದ್ಯ’ ಎಂಬ ಒಂದು ಶಬ್ದವನ್ನು ಹಿಡಿದು, ದಾಯದಿಂದಲೂ ಕ್ರಯದಿಂದಲೂ ವಿಭಾಗದಿಂದಲೂ ಬಂದ ಸೊತ್ತೆಲ್ಲವೂ ಸ್ತ್ರೀಧನವೇ ಎಂದು ವಿಶಾಲವಾಗಿ ಅರ್ಥಮಾಡಿದನು. ಆ ವಿಶಾಲಾರ್ಥವನ್ನು ಸಂಕುಚಿತಗೊಳಿಸಿದುದು ಮುಂದಿನ ಕಾಲದ ನ್ಯಾಯಸ್ಥಾನಗಳ ತೀರ್ಪುಗಳು. 1933ರಲ್ಲಿ ಮೈಸೂರು ಸರಕಾರವು ಹಿಂದೂ ಸ್ತ್ರೀಯರ ಹಕ್ಕುಗಳ ಬಗೆಗೆ ಕಾಯಿದೆಯೊಂದನ್ನು ಮಾಡಿ, ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿತು. ಅವಿಭಕ್ತ ಕುಟುಂಬದ ಆಸ್ತಿಯು ಪಾಲಾಗುವಾಗ ಸ್ತ್ರೀಯರಿಗೂ ಅಂಶವನ್ನು ವಿಧಿಸಿತು. ಆಸ್ತಿಗೂ ಮತಕ್ಕೂ ಗಂಟುಬಿದ್ದಿದ್ದ ಆ ದಿನಗಳಲ್ಲಿ ಇದು ಮತಾಧಿಕಾರಕ್ಕೂ ಒತ್ತಾಸೆಯಾಯಿತೆಂದೇ ಹೇಳಬೇಕು.

ಗಂಟು ಪೂರ್ತಿಯಾಗಿ ಬಿಚ್ಚಿದುದು ಸ್ವಾತಂತ್ರ್ಯದ ಹೋರಾಟದಿಂದ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ರಾಷ್ಟ್ರಧ್ವಜಕ್ಕಾಗಿ ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಹಲವರು ಅಲ್ಲಿ ಪ್ರಾಣವಿತ್ತರು. ಸಂಸ್ಥಾನದಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ನಡೆದ ಚಳವಳಿಯು 1947ರಲ್ಲಿ ಫಲಿಸಿತು. 1950ರ ಜನವರಿ 26ರಂದು ಜಾರಿಗೆ ಬಂದ ಭಾರತ ಸಂವಿಧಾನದ 326ನೆಯ ಅನುಚ್ಛೇದವು ಇಪ್ಪತ್ತೊಂದು ವರ್ಷ ತುಂಬಿದವರೆಲ್ಲರಿಗೂ, ಗಂಡು ಹೆಣ್ಣು, ಬಡವ ಬಲ್ಲಿದ ಎಂಬ ಭೇದವಿಲ್ಲದೆ ಮತವನ್ನು ಕೊಟ್ಟಿತು. ಆ ವಯಸ್ಸು ಹದಿನೆಂಟಕ್ಕೆ ಇಳಿದುದು 1989ರಲ್ಲಿ.

ಇಷ್ಟಾದರೂ ಹೆಸರಿನ ತೊಡಕು ತೀರಲಿಲ್ಲ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಬರೆಯುವಾಗ ಅನೇಕ ಸ್ತ್ರೀಯರು ಪರಪುರುಷರಿಗೆ ತಮ್ಮ ಹೆಸರು ಹೇಳಲು ಒಪ್ಪದೆ, ‘ಇಂತಹವರ ಹೆಂಡತಿ’, ‘ಇಂತಹವರ ತಾಯಿ’ ಎಂದಷ್ಟೇ ಬರೆಯಿಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಸ್ವಂತ ಹೆಸರಿಲ್ಲದೆ ಮತವಿಲ್ಲವೆಂದು ನಿರ್ಧರಿಸಿದ್ದರಿಂದ ದೇಶದಲ್ಲಿ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಹೆಚ್ಚಿನವರು ಉತ್ತರದ ಪ್ರಾಂತಗಳವರು. ಆ ನಿರ್ಧಾರವು ಆಗ ಕಠಿನವಾಗಿ ಕಂಡರೂ, ಹೆಣ್ಣು ತನ್ನ ಹೆಸರಿನಿಂದಲೇ ಪ್ರಜೆಯಾಗಬೇಕೆಂಬ ತತ್ತ್ವವನ್ನು ಸ್ಥಿರಪಡಿಸಿತೆಂದು ನಮಗೆ ತೋರುತ್ತದೆ. ನಾವು ಉಪಾಧ್ಯಾಯರಾಗಿದ್ದಾಗ, ಹೊಸದಾಗಿ ಶಾಲೆಗೆ ಸೇರಿದ ಎಳೆಯರನ್ನು ತಾಯಿಯ ಹೆಸರೇನೆಂದು ಕೇಳಿದರೆ ‘ಅಮ್ಮ’ ಎಂದು ಉತ್ತರ ಬರುತ್ತಿತ್ತು. ಮಗುವಿನ ಬಾಯಲ್ಲಿ ಅದು ಸೊಗಸು. ರಾಜ್ಯದ ದಫ್ತರದಲ್ಲಿ ಸಾಲದು.

ಈಚೆಗೆ ಸ್ತ್ರೀಯರು ಮತವನ್ನು ಕೊಡುವುದರ ಜೊತೆಗೆ ಪಡೆಯುವವರೂ ಆಗಿದ್ದಾರೆ. ಕರ್ನಾಟಕದ 1983ರ ಕಾಯಿದೆಯು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಕಾಲುಭಾಗ ಸ್ಥಾನಗಳನ್ನು ಅವರಿಗೆ ಮೀಸಲಿಟ್ಟಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯಿತಿಗಳಲ್ಲಿ ಕನಿಷ್ಠ ಮೂರರಲ್ಲೊಂದು ಭಾಗವೆಂದಿತು. 2010ರಲ್ಲಿ ನಮ್ಮ ರಾಜ್ಯವು ಅದನ್ನು ಅರ್ಧಕ್ಕೇರಿಸಿತು.

ಈಗ ಉಳಿದಿರುವ ಕೆಲಸ ಮನೆಯೊಳಗಿನದು. ಮದುವೆಯಾಗಿ ಹೋದ ಮಗಳ ಹೆಸರನ್ನು ತೌರಿನ ಪಟ್ಟಿಯಿಂದ ತೆಗೆಯುತ್ತಾರೆ; ಅತ್ತೆಯ ಮನೆಯವರು ಪಡಿತರ ಚೀಟಿಗೆ ಸೇರಿಸುವ ಅವಸರದಲ್ಲಿ ಮತದಾರರ ಪಟ್ಟಿಯನ್ನು ಮರೆಯುತ್ತಾರೆ. ಹೊಸ ಸೊಸೆ ಎರಡೂ ಕಡೆ ಇಲ್ಲದವಳಾಗುವಳು. ಆದಕಾರಣ ಗೃಹಸ್ಥರಲ್ಲಿ ನಮ್ಮ ಪ್ರಾರ್ಥನೆಯಿಷ್ಟೆ: ಸೊಸೆ ಮನೆಗೆ ಬಂದ ವರ್ಷವೇ ಅವಳ ಹೆಸರನ್ನು ನಿಮ್ಮ ಊರಿನ ಮತದಾರರ ಪಟ್ಟಿಗೆ ವರ್ಗಾಯಿಸಿರಿ. ಹದಿನೆಂಟು ತುಂಬಿದ ಮಗಳ ಹೆಸರನ್ನು ಮಗನ ಹೆಸರಿನೊಡನೆಯೇ ಬರೆಯಿಸಿರಿ. ಮತವು ಗೋಪ್ಯವಾದುದರಿಂದ ಯಾರಿಗೆ ಹಾಕಿದೆಯೆಂದು ಹೆಂಡತಿಯನ್ನಾಗಲಿ ತಾಯಿಯನ್ನಾಗಲಿ ಕೇಳದಿರಿ. ಸೋದರಿಯರೇ, ಪಟ್ಟಿ ಪ್ರಕಟವಾದಾಗ ನಿಮ್ಮ ಹೆಸರು ಅಲ್ಲಿದೆಯೇ, ಅಕ್ಷರ ಸರಿಯಾಗಿದೆಯೇ ಎಂಬುದನ್ನು ನೀವೇ ಓದಿ ನೋಡಿರಿ.