ತೆಳು ದೋಣಿಗೆ ಮರದ ಅಂಚು

ಬಡಗಿಯಲ್ಲದವರೂ ಮನೆಯಲ್ಲೇ ದೋಣಿ ಕಟ್ಟಬಹುದೆಂದು ತೋರಿಸಿದ್ದರಲ್ಲಿ ಇಂಗ್ಲೆಂಡಿನ ‘ಮಿರರ್’ ಹಾಯಿದೋಣಿಯ ಪಾಲು ದೊಡ್ಡದು. ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಮತ್ತು ಬಿಬಿಸಿ ಟಿವಿಯಲ್ಲಿ ಮನೆ ದುರಸ್ತಿಯ ಕುಶಲತೆ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ 1962ರಲ್ಲಿ ರೂಪಿಸಿದ ಈ 3.3 ಮೀಟರ್ ದೋಣಿಗೆ ಡೈಲಿ ಮಿರರ್ ಪತ್ರಿಕೆಯ ಬೆಂಬಲವಿತ್ತು. ಇಲ್ಲಿಯವರೆಗೆ 70,000ಕ್ಕೂ ಹೆಚ್ಚು ಮಿರರ್‌ಗಳು ತಯಾರಾಗಿವೆ. ಪ್ಲೈವುಡ್ ಹಾಳೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಗಾಜುನಾರಿನ ಪಟ್ಟಿ, ರೆಸಿನ್ ಹಚ್ಚಿದರೆ ಒಡಲು ಸಿದ್ಧ. ಆದರೆ ಸುಮಾರು 5 ಮಿ.ಮೀ. ದಪ್ಪದ ಹಾಳೆಯ ಮೇಲಂಚು ಬರಿದಾಗಿದ್ದರೆ ಕೈ ಒತ್ತಿದಲ್ಲೆಲ್ಲ ಬಳುಕುತ್ತದೆ. ಮೊರದ ಬಾಯಿಗೆ ಕಟ್ಟಿದ ಬಿದಿರಿನ ದಬ್ಬೆ ಮಾಡುವ ಕೆಲಸವನ್ನೇ ಇಲ್ಲಿ ಮರದ ಪಟ್ಟಿ ಮಾಡಬೇಕು. ಹಾಗಾಗಿ ಇದನ್ನು ಕೊನೆಯ ಸಿಂಗಾರವೆಂದಲ್ಲ, ಒಡಲಿನ ಬೆನ್ನುಮೂಳೆಯೆಂದೇ ಎಣಿಸಿ ಕೂರಿಸಬೇಕು.

ಪಟ್ಟಿಯ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 10 ಮಿ.ಮೀ. ಪಟ್ಟಿ ಬಗ್ಗಿಸಲು ಬೇಕಾದ ಬಲ 20 ಮಿ.ಮೀ. ಪಟ್ಟಿಗೆ ಬೇಕಾದುದರ ಎಂಟನೇ ಒಂದು ಪಾಲು ಮಾತ್ರ. ಆದ್ದರಿಂದ ಎರಡು ತೆಳು ಪಟ್ಟಿಗಳನ್ನು ಒಂದರ ಮೇಲೊಂದು ದೋಣಿಯ ಬಾಗಿಗೇ ಒತ್ತಿ ಇಪಾಕ್ಸಿ ಅಂಟಿನಿಂದ ಕೂಡಿಸುವುದು ಜಾಣತನ: ಬಗ್ಗುವಾಗ ಸುಲಭ, ಅಂಟು ಗಟ್ಟಿಯಾದ ಮೇಲೆ ಪೂರ್ತಿ 20 ಮಿ.ಮೀ.ನ ಬಿಗಿತ. ಸ್ಕ್ರೂ ಹೊಡೆದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಅಂಟಿಲ್ಲದ ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ, ಬಿಗಿತ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ನಡುವೆ ನಿಂತ ನೀರು ಪ್ಲೈವುಡ್ಡಿನ ಅಂಚನ್ನು ಕೊಳೆಸುತ್ತದೆ. ತೂಕ ಹೆಚ್ಚುವುದಿಲ್ಲವೇ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಆದರೆ 20 ಮಿ.ಮೀ. ದಪ್ಪ, 40 ಮಿ.ಮೀ. ಅಗಲದ ಪಟ್ಟಿ ಹಗುರ ಮರದ್ದಾದರೆ ಎರಡೂ ಬದಿ ಸೇರಿ ಮೂರು ಕಿಲೋ ಮೀರದು. ಅದರ ಬದಲು ಪ್ಲೈವುಡ್ಡನ್ನೇ 1 ಮಿ.ಮೀ. ದಪ್ಪವಾಗಿಸಿದರೆ ಪ್ರತಿ ಚದರ ಮೀಟರಿಗೂ ಸುಮಾರು ಅರ್ಧ ಕಿಲೋ ಕೂಡುತ್ತದೆ, ಅಂಚು ಮಾತ್ರ ಬಳುಕುತ್ತಲೇ ಇರುತ್ತದೆ. ಮರದ ಬದಲು ಅಂಚಿಗೆ ರಬ್ಬರ್ ಪಟ್ಟಿ ಹಾಕಿದರೆ ಅದು ಉಜ್ಜಾಟ ತಡೆದೀತು, ಬಿಗಿತ ಕೊಡದು.

ಉದ್ದ ಸಾಲದಿದ್ದರೆ ತುದಿಗಳನ್ನು ದಪ್ಪದ ಎಂಟರಷ್ಟು ಉದ್ದಕ್ಕೆ ಓರೆಯಾಗಿ ಕತ್ತರಿಸಿ ಬೆಸೆಯಬೇಕು. ಎರಡು ಪದರಗಳ ಬೆಸುಗೆ ಒಂದೇ ಕಡೆ ಬೀಳಕೂಡದು. ತೇಗವಾದರೆ ಅಂಟುವ ಮೊದಲು ಮೈಯ ಎಣ್ಣೆಯನ್ನು ಅಸಿಟೋನ್‌ನಿಂದ ಒರೆಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಡಬಲದ ಪಟ್ಟಿಗಳನ್ನು ಒಟ್ಟೊಟ್ಟಿಗೆ ಮುಂದಿನಿಂದ ಹಿಂದಕ್ಕೆ ಕೂರಿಸಬೇಕು. ಒಂದೇ ಬದಿ ಮುಗಿಸಿಬಿಟ್ಟರೆ ಬಗ್ಗಿದ ಮರದ ಸೆಳೆತಕ್ಕೆ ಒಡಲೇ ತಿರುಚಿಕೊಳ್ಳುತ್ತದೆ, ಅಂಟು ಗಟ್ಟಿಯಾದ ಮೇಲೆ ಆ ಸೊಟ್ಟವನ್ನು ತಿದ್ದಲಾಗದು.